ರೋಬೋಗಳ ತಂಡ ಹುಡುಕಾಟಕ್ಕೆ ಇಳಿದಾಗ: ಖಚಿತವಿಲ್ಲದ ಸುಳಿವುಗಳಿಂದ ದಾರಿ ಕಂಡುಕೊಳ್ಳುವ ಸಮಗ್ರ ಮಾರ್ಗದರ್ಶಿ

ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರಲ್ಲಿದ್ದ 228 ಜನರೂ ತೀರಿಕೊಂಡರು. ಹಡಗುಗಳು ಸುತ್ತಾಡಿದವು, ನೀರಿನೊಳಗಿನ ಶಬ್ದ ಆಲಿಸಿದವು. ಮೇಲೆ ತೇಲುತ್ತಿದ್ದ ತುಣುಕುಗಳು ಸಿಕ್ಕವು, ತಳಕ್ಕಿಳಿದ ಮುಖ್ಯ ಅವಶೇಷ ಮಾತ್ರ ಸಿಗಲಿಲ್ಲ. ಕೊನೆಗೆ 2011ರ ಏಪ್ರಿಲ್‌ನಲ್ಲಿ ಮೂರು ಸ್ವಯಂಚಾಲಿತ ರೋಬೋ ಜಲಾಂತರ್ಗಾಮಿಗಳ ತಂಡ ಸುಮಾರು 3,900 ಮೀಟರ್ ಆಳದಲ್ಲಿ ಅವಶೇಷ ಪತ್ತೆ ಮಾಡಿತು. ಆ ಸುತ್ತಿನ ಹುಡುಕಾಟ ಶುರುವಾಗಿ ಹೆಚ್ಚುಕಡಿಮೆ ಒಂದು ವಾರವಾಗಿತ್ತು, ಅಷ್ಟೇ.

ರೋಬೋಗಳು ಚೆನ್ನಾಗಿದ್ದವು, ನಿಜ. ಆದರೆ ಅವು ಎಲ್ಲಿ ಇಳಿಯಬೇಕು ಎಂದು ಹೇಳಿದ್ದು ಒಂದು ನಕ್ಷೆ. ಯಾವ ಜಾಗದಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿ ಬಣ್ಣ ತುಂಬಿದ ನಕ್ಷೆ. ಅದಕ್ಕೂ ಹಿಂದಿನ ಹುಡುಕಾಟದಲ್ಲಿ "ಇಲ್ಲಿ ಏನೂ ಕೇಳಿಸಲಿಲ್ಲ" ಎಂದು ಬದಿಗಿಟ್ಟಿದ್ದ ಜಾಗಕ್ಕೆ ಈ ಸಲ ಮತ್ತೆ ತೂಕ ಕೊಟ್ಟಿದ್ದರು. ಅವಶೇಷ ಸಿಕ್ಕಿದ್ದು ಅಲ್ಲೇ.

ಈ ಮಾರ್ಗದರ್ಶಿ ಆ ಲೆಕ್ಕದ ಬಗ್ಗೆ. ಕುಸಿದ ಕಟ್ಟಡ, ಜಾರಿದ ಗುಡ್ಡ, ಹೊಗೆ ತುಂಬಿದ ಸುರಂಗ, ಹುಡುಕುವ ಜಾಗ ಯಾವುದೇ ಇರಲಿ, ರೋಬೋಗಳ ತಂಡ ಅರೆಬರೆ ಸುಳಿವುಗಳನ್ನು ಹೇಗೆ ತೂಗಿ ನೋಡುತ್ತದೆ ಎಂದು ಹಂತ ಹಂತವಾಗಿ ನೋಡೋಣ. ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಡ್ರೋನ್ ಹಾರಿಸುವವರು, ವಿಪತ್ತು ನಿರ್ವಹಣೆಯಲ್ಲಿ ಇರುವವರು ಮನಸ್ಸಿನಲ್ಲಿದ್ದಾರೆ. ಪಿಯುಸಿ ಮಟ್ಟದ ಗಣಿತ, ಸ್ವಲ್ಪ ಪೈಥಾನ್ ಬಂದರೆ ಎಲ್ಲವನ್ನೂ ನೀವೇ ಮಾಡಿ ನೋಡಬಹುದು.

ಉದಾಹರಣೆಗೆ ಒಂದು ಚಿಕ್ಕ ತಂಡ ಇಟ್ಟುಕೊಳ್ಳೋಣ: ಉಷ್ಣ ಕ್ಯಾಮೆರಾ ಇರುವ ಒಂದು ಡ್ರೋನ್, ಕ್ಯಾಮೆರಾ ಮತ್ತು ಮೈಕ್ ಇರುವ ಎರಡು ನೆಲದ ರೋಬೋಗಳು.

ಹಂತ 1: ಜಾಗವನ್ನು ಚೌಕಗಳಾಗಿ ಒಡೆಯಿರಿ

300 ಮೀಟರ್ ಉದ್ದ, 200 ಮೀಟರ್ ಅಗಲದ ಜಾಗ ಎಂದುಕೊಳ್ಳಿ. 5 ಮೀಟರಿನ ಚೌಕಗಳಾಗಿ ಒಡೆದರೆ 2,400 ಚೌಕ. ಸಣ್ಣ ಕಂಪ್ಯೂಟರಿಗೂ ಇದು ಭಾರವಲ್ಲ. ಚೌಕ ತೀರಾ ಚಿಕ್ಕದಾದರೆ ಪ್ರಯೋಜನವಿಲ್ಲ, ಯಾಕೆಂದರೆ ರೋಬೋಗೆ ತಾನು ಎಲ್ಲಿದ್ದೇನೆ ಎಂಬುದೇ ಅಷ್ಟು ನಿಖರವಾಗಿ ಗೊತ್ತಿರುವುದಿಲ್ಲ. ಅಮೆರಿಕದ ಡಾರ್ಪಾ ಸಂಸ್ಥೆ ನಡೆಸಿದ ಭೂಗತ ರೋಬೋ ಸ್ಪರ್ಧೆಯಲ್ಲೂ ವಸ್ತುವಿನ ಜಾಗವನ್ನು 5 ಮೀಟರ್ ಒಳಗೆ ಸರಿಯಾಗಿ ಹೇಳಿದರೆ ಮಾತ್ರ ಅಂಕ ಕೊಡುತ್ತಿದ್ದರು.

ಒಬ್ಬರನ್ನೇ ಹುಡುಕುವಾಗ ಎಲ್ಲ ಚೌಕಗಳ ಸಾಧ್ಯತೆ ಕೂಡಿದರೆ 1 ಬರಬೇಕು. ಎಷ್ಟು ಜನ ಸಿಲುಕಿದ್ದಾರೆ ಎಂದು ಗೊತ್ತಿಲ್ಲದಿದ್ದರೆ ಪ್ರತಿ ಚೌಕಕ್ಕೂ "ಇಲ್ಲಿ ಯಾರಾದರೂ ಇರಬಹುದಾ" ಎಂಬ ಬೇರೆ ಬೇರೆ ಸಂಖ್ಯೆ ಇಡಿ.

ಒಂದು ಚೌಕವನ್ನು ಮಾತ್ರ ಮರೆಯಬೇಡಿ: "ನಕ್ಷೆಯ ಹೊರಗೆ". ನಾವು ಹುಡುಕುತ್ತಿರುವ ಜಾಗದಲ್ಲೇ ಆ ವ್ಯಕ್ತಿ ಇಲ್ಲದಿರಬಹುದು. ಹುಡುಕಾಟ ಖಾಲಿಯಾಗಿ ಮುಂದುವರಿದಂತೆ ಈ ಚೌಕದ ಸಂಖ್ಯೆ ತಾನಾಗಿ ಏರುತ್ತದೆ. ಜಾಗ ಬದಲಿಸುವ ಹೊತ್ತು ಬಂತು ಎಂದು ನಿಮಗೆ ಹೇಳುವುದು ಅದೇ.

ಹಂತ 2: ಮೊದಲ ಅಂದಾಜು ಬರೆಯಿರಿ

ರೋಬೋಗಳು ಹೊರಡುವ ಮೊದಲೇ ನಕ್ಷೆ ತುಂಬಿರಬೇಕು. ಎಲ್ಲ ಚೌಕಕ್ಕೂ ಸಮ ಸಾಧ್ಯತೆ ಕೊಟ್ಟು ಶುರು ಮಾಡುವುದು ಸುಲಭ, ಆದರೆ ಅದು ಗೊತ್ತಿರುವ ವಿಷಯವನ್ನೂ ಬಿಸಾಡಿದ ಹಾಗೆ.

ಇದಕ್ಕೆ ನಮ್ಮ ಶಿರೂರನ್ನೇ ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಕಾಣೆಯಾದ ಲಾರಿಯೊಂದು ಎಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಮೊದಲು ರಸ್ತೆ ಮೇಲಿನ ಮಣ್ಣಿನಡಿ ಹುಡುಕಿದರು. ಆಮೇಲೆ ಗಮನ ಪಕ್ಕದ ಗಂಗಾವಳಿ ನದಿಯ ಕಡೆ ಹೊರಳಿತು. ರಾಡಾರ್, ಸೋನಾರ್, ಡ್ರೋನ್ ಎಲ್ಲವೂ ಬಂದವು. ಮಳೆಗಾಲದ ಸೆಳೆತದಲ್ಲಿ ಮುಳುಗುಗಾರರಿಗೆ ಕೆಳಗಿಳಿಯುವುದೇ ಕಷ್ಟವಾಗಿತ್ತು. ಕೊನೆಗೆ ಡ್ರೆಜರ್ ತರಿಸಿದ ಮೇಲೆ, ಸೆಪ್ಟೆಂಬರ್ 25ರಂದು ಲಾರಿ ನದಿಯೊಳಗೆ ಸಿಕ್ಕಿತು.

ಇಂಥ ಜಾಗದಲ್ಲಿ ಮೊದಲ ಅಂದಾಜು ಬರೆಯುವುದು ಅಂದರೆ ಏನೇನು ಆಗಿರಬಹುದು ಎಂಬ ಕಥೆಗಳನ್ನು ಬರೆದು ಒಂದೊಂದಕ್ಕೂ ತೂಕ ಕೊಡುವುದು. ರಸ್ತೆ ಮೇಲೆ ಮಣ್ಣಿನಡಿ ಇದೆ. ದಡದ ಹತ್ತಿರ ನೀರಿನಲ್ಲಿದೆ. ನೀರು ಎಳೆದುಕೊಂಡು ದೂರ ಹೋಗಿದೆ. ಕುಸಿತದ ಹೊತ್ತಿಗೆ ಅಲ್ಲಿ ಇರಲೇ ಇಲ್ಲ. ಪ್ರತಿ ಕಥೆಗೂ ಒಂದು ನಕ್ಷೆ ಮಾಡಿ, ತೂಕದ ಪ್ರಕಾರ ಕೂಡಿಸಿ. ಈ ಕೆಲಸ ಒಬ್ಬರೇ ಕೂತು ಮಾಡುವಂಥದ್ದಲ್ಲ. ಭೂವಿಜ್ಞಾನಿಯ ಅಂದಾಜು ಬೇಕು. ಆ ಹೊತ್ತಿನಲ್ಲಿ ಜನ ಎಲ್ಲಿರುತ್ತಾರೆ ಎಂದು ಗೊತ್ತಿರುವ ಊರಿನವರ ಮಾತೂ ಬೇಕು. ಬೆಳಗಿನ ಜಾವ ಕುಸಿದರೆ ಜನ ಮನೆಯೊಳಗೆ ಇರುತ್ತಾರೆ, ಎಂಟು ಗಂಟೆ ದಾಟಿದ್ದರೆ ರಸ್ತೆ ಬದಿಯ ಹೋಟೆಲಿನಲ್ಲಿ. ಇಬ್ಬರೂ ಬೇರೆ ಬೇರೆ ತೂಕ ಹೇಳಿದರೆ ಜಗಳ ಬೇಡ, ಸರಾಸರಿ ತೆಗೆದುಕೊಳ್ಳಿ.

ಯಾವ ಚೌಕಕ್ಕೂ ಸೊನ್ನೆ ಬರೆಯಬೇಡಿ. ಸೊನ್ನೆಯನ್ನು ಯಾವ ಸುಳಿವಿನಿಂದ ಗುಣಿಸಿದರೂ ಸೊನ್ನೆಯೇ. ಅಲ್ಲಿ ಯಾರಾದರೂ ಇದ್ದರೆ, ರೋಬೋ ಅವರ ಧ್ವನಿಯನ್ನೇ ಕೇಳಿದರೂ ಲೆಕ್ಕ ಒಪ್ಪಿಕೊಳ್ಳುವುದಿಲ್ಲ. 0.0001 ಆದರೂ ಇರಲಿ.

ಹಂತ 3: ಪ್ರತಿ ಸೆನ್ಸರ್ ಎಷ್ಟು ನಂಬಿಕಸ್ಥ ಎಂದು ಅಳೆಯಿರಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಪ್ರತಿ ಸೆನ್ಸರಿಗೂ ಎರಡು ಸಂಖ್ಯೆ ಬೇಕು. ಮನುಷ್ಯ ಇದ್ದಾಗ "ಇದ್ದಾರೆ" ಎನ್ನುವ ಸಾಧ್ಯತೆ ಒಂದು. ಇದನ್ನು ಪತ್ತೆ ದರ ಎನ್ನೋಣ. ಯಾರೂ ಇಲ್ಲದಾಗಲೂ "ಇದ್ದಾರೆ" ಎನ್ನುವ ಸಾಧ್ಯತೆ ಇನ್ನೊಂದು. ಅದು ಸುಳ್ಳು ಎಚ್ಚರಿಕೆಯ ದರ.

ಸೆನ್ಸರ್ ಪೆಟ್ಟಿಗೆ ಮೇಲೆ ಬರೆದ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಷ್ಣ ಕ್ಯಾಮೆರಾ ರಾತ್ರಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆಯೂ ಮೈಯೂ ಒಂದೇ ತಾಪಮಾನದಲ್ಲಿ ಇರುತ್ತವೆ, ಆಗ ಅದಕ್ಕೆ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಒಂದು ಅಡಿ ಒದ್ದೆ ಮಣ್ಣಿನ ಕೆಳಗೆ ಇರುವವರು ಅದಕ್ಕೆ ಕಾಣುವುದೇ ಇಲ್ಲ. ಜೆಸಿಬಿ ಓಡುತ್ತಿದ್ದರೆ ಮೈಕಿನ ಪತ್ತೆ ದರ ನೆಲ ಕಚ್ಚುತ್ತದೆ. ಹಾಗಾಗಿ ದರವನ್ನು ಹೊತ್ತು, ದೂರ, ನೆಲದ ಬಗೆ, ಸುತ್ತಲಿನ ಸದ್ದು ನೋಡಿ ಬದಲಿಸಬೇಕು. ಸಾಧ್ಯವಾದರೆ ಜಾಗಕ್ಕೆ ಹೋದ ಕೂಡಲೇ ತಂಡದ ಒಬ್ಬರನ್ನು ಅವಶೇಷದ ಮರೆಯಲ್ಲಿ ಸುರಕ್ಷಿತವಾಗಿ ಕೂರಿಸಿ, ರೋಬೋಗೆ ಎಷ್ಟು ಸಲ ಕಂಡರು ಎಂದು ಎಣಿಸಿ.

ಏರ್ ಫ್ರಾನ್ಸ್ ಹುಡುಕಾಟದ ಪಾಠ ಇರುವುದೂ ಇಲ್ಲೇ. ವಿಮಾನದ ಎರಡು ಬ್ಲ್ಯಾಕ್ ಬಾಕ್ಸ್ ರೆಕಾರ್ಡರ್‌ಗಳಿಗೂ ನೀರಿನಲ್ಲಿ ಶಬ್ದ ಹೊರಡಿಸುವ ಬೀಕನ್ ಇರುತ್ತದೆ. ಆಗಿನ ನಿಯಮದಂತೆ ಅದರ ಬ್ಯಾಟರಿ ಕಡೇಪಕ್ಷ 30 ದಿನ ಬಾಳಬೇಕಿತ್ತು. ಆ ಅವಧಿಯಲ್ಲಿ ಹಡಗುಗಳು ಆಲಿಸಿದ ಜಾಗದಲ್ಲಿ ಸದ್ದು ಬರಲಿಲ್ಲ. ಹಾಗಾಗಿ ಅಲ್ಲಿ ವಿಮಾನ ಇಲ್ಲ ಎನ್ನುವ ಕಡೆಗೆ ತೂಕ ವಾಲಿತು. ಈಗ ಲೆಕ್ಕ ನೋಡಿ. ಒಂದೊಂದು ಬೀಕನ್ ಕೆಲಸ ಮಾಡುವ ಸಾಧ್ಯತೆ 0.8 ಎಂದುಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲ ಎಂದಾದರೆ ಎರಡೂ ಕೆಡುವ ಸಾಧ್ಯತೆ 0.2 × 0.2 = 0.04. ಆದರೆ ಎರಡೂ ಒಂದೇ ಹೊಡೆತ ತಿಂದಿವೆ, ಅಲ್ವಾ? ಒಂದನ್ನು ಕೆಡಿಸಿದ ಹೊಡೆತ ಇನ್ನೊಂದನ್ನೂ ಕೆಡಿಸಿರುತ್ತದೆ ಎಂದರೆ ಸಾಧ್ಯತೆ 0.2ರ ಹತ್ತಿರ ಹೋಗುತ್ತದೆ. ಐದು ಪಟ್ಟು ಜಾಸ್ತಿ. 2011ರಲ್ಲಿ ಮೆಟ್ರಾನ್ ಎಂಬ ಸಂಸ್ಥೆಯ ವಿಶ್ಲೇಷಕರು ಎರಡೂ ಬೀಕನ್ ಸುಮ್ಮನಾಗಿರಬಹುದು ಎಂಬುದಕ್ಕೆ ತೂಕ ಕೊಟ್ಟು ನಕ್ಷೆ ತಿರುಗಿ ಮಾಡಿದಾಗ, ವಿಮಾನದ ಕೊನೆಯ ಗೊತ್ತಿದ್ದ ಸ್ಥಾನದ ಸುತ್ತಲಿನ ಜಾಗ ಮತ್ತೆ ಮೇಲೆ ಬಂತು.

ಹಂತ 4: ಸುಳಿವು ಬಂದಂತೆ ನಕ್ಷೆ ತಿದ್ದಿ

ಇದು ಬೇಯ್ಸ್ ನಿಯಮ. ಹೆಸರು ಕೇಳಿ ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮೊದಲು, ಏನೂ ಸಿಗದಿದ್ದಾಗಿನ ಲೆಕ್ಕ. ಒಂದು ಚೌಕದಲ್ಲಿ ವ್ಯಕ್ತಿ ಇರುವ ಸಾಧ್ಯತೆ 0.30. ರೋಬೋದ ಪತ್ತೆ ದರ 0.7. ಅದು ಹೋಗಿ ನೋಡಿತು, ಏನೂ ಕಾಣಲಿಲ್ಲ. ವ್ಯಕ್ತಿ ಇದ್ದೂ ರೋಬೋಗೆ ಕಾಣದೆ ಹೋಗಿರುವ ಪಾಲು 0.30 × 0.3 = 0.09. ಅಲ್ಲಿ ಇಲ್ಲದಿರುವ ಪಾಲು 0.70. ಒಟ್ಟು 0.79. ಹೊಸ ಸಾಧ್ಯತೆ 0.09 ÷ 0.79, ಅಂದರೆ ಸುಮಾರು 0.11. ಉಳಿದ ಚೌಕಗಳನ್ನೂ 0.79ರಿಂದ ಭಾಗಿಸಿ. ಆಗ 0.25 ಇದ್ದ ಪಕ್ಕದ ಚೌಕ 0.32ಕ್ಕೆ ಏರುತ್ತದೆ. ಅಲ್ಲಿಗೆ ಯಾವ ರೋಬೋವೂ ಹೋಗಿಲ್ಲ, ಆದರೂ ಅದರ ಬಗ್ಗೆ ನಮಗೆ ಹೊಸದಾಗಿ ಒಂದು ವಿಷಯ ಗೊತ್ತಾಯಿತು.

ಮೊದಲ ಚೌಕ ಸೊನ್ನೆ ಆಗಲಿಲ್ಲ ಎನ್ನುವುದನ್ನು ಗಮನಿಸಿ. "ನೋಡಿಯಾಯ್ತು" ಎಂದು ಟಿಕ್ ಹಾಕಿ ಮುಂದೆ ಹೋಗುವ ಪಟ್ಟಿಗೂ ಈ ನಕ್ಷೆಗೂ ಇರುವ ವ್ಯತ್ಯಾಸ ಇದೇ. ಬೇರೆ ಕಡೆಯೂ ಸಿಗದೆ ಹೋದರೆ ಈ ಚೌಕ ಮತ್ತೆ ಮೇಲಕ್ಕೆ ಬರುತ್ತದೆ, ರೋಬೋ ಎರಡನೇ ಸಲ ಹೋಗುತ್ತದೆ.

ಇನ್ನು ಏನೋ ಕಂಡಾಗಿನ ಲೆಕ್ಕ. ಚೌಕದ ಸಾಧ್ಯತೆ 0.05. ಡ್ರೋನಿನ ಪತ್ತೆ ದರ 0.8, ಸುಳ್ಳು ಎಚ್ಚರಿಕೆಯ ದರ 0.1. ಡ್ರೋನ್ "ಕಂಡಿತು" ಎಂದಿತು. ನಿಜವಾಗಿ ಇದ್ದು ಕಂಡ ಪಾಲು 0.05 × 0.8 = 0.04. ಇಲ್ಲದೆ ಕಂಡ ಪಾಲು 0.95 × 0.1 = 0.095. ಹಾಗಾದರೆ ಸಾಧ್ಯತೆ 0.04 ÷ 0.135, ಸುಮಾರು 0.30. ಒಳ್ಳೆಯ ಕ್ಯಾಮೆರಾ ಕಂಡೆ ಎಂದರೂ ಹತ್ತರಲ್ಲಿ ಮೂರು ಪಾಲು ಮಾತ್ರ! ಈಗ ನೆಲದ ರೋಬೋ ಹೋಗಿ ಮೈಕಿನಲ್ಲಿ ಆಲಿಸಿತು. ಅದರ ಪತ್ತೆ ದರ 0.6, ಸುಳ್ಳು ಎಚ್ಚರಿಕೆ 0.05. ಅದಕ್ಕೂ ಸದ್ದು ಕೇಳಿಸಿತು. ಅದೇ ಲೆಕ್ಕ ಇನ್ನೊಮ್ಮೆ ಮಾಡಿದರೆ ಸಾಧ್ಯತೆ ಸುಮಾರು 0.83ಕ್ಕೆ ಹಾರುತ್ತದೆ.

ಅದೇ ಡ್ರೋನ್ ಅದೇ ಎತ್ತರದಿಂದ ಇನ್ನೊಂದು ಫೋಟೋ ತೆಗೆದಿದ್ದರೆ ಹೀಗೆ ಗುಣಿಸುವ ಹಾಗಿರಲಿಲ್ಲ. ಕಾದ ತಗಡೊಂದು ಮೊದಲ ಫೋಟೋದಲ್ಲಿ ಮೋಸ ಮಾಡಿದ್ದರೆ ಎರಡನೆಯದರಲ್ಲೂ ಮಾಡುತ್ತದೆ. ಬೇರೆ ಬಗೆಯ ಸೆನ್ಸರ್, ಇಲ್ಲವೇ ಬೇರೆ ಕೋನ, ಬೇರೆ ಹೊತ್ತು ಬೇಕು. ತಂಡದಲ್ಲಿ ಒಂದೇ ಥರದ ಆರು ರೋಬೋಗಳಿಗಿಂತ ಬೇರೆ ಬೇರೆ ಥರದ ಮೂರು ಲೇಸು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕಾಡಿನಲ್ಲಿ ದಾರಿ ತಪ್ಪಿದವರು ನಡೆಯುತ್ತಲೇ ಇರುತ್ತಾರೆ. ಆಗ ಪ್ರತಿ ಕೆಲವು ನಿಮಿಷಕ್ಕೊಮ್ಮೆ ಪ್ರತಿ ಚೌಕದ ಸಾಧ್ಯತೆಯ ಸ್ವಲ್ಪ ಭಾಗವನ್ನು ಪಕ್ಕದ ಚೌಕಗಳಿಗೆ ಹಂಚಿ. ನೀರಿನಲ್ಲಾದರೆ ಹರಿವಿನ ದಿಕ್ಕಿಗೆ ಹಂಚಿ. ಅವಶೇಷದಡಿ ಸಿಲುಕಿದವರಿಗೆ ಇದು ಬೇಕಿಲ್ಲ.

ಹಂತ 5: ರೋಬೋ ತಾನೆಲ್ಲಿದ್ದೇನೆ ಎಂಬುದೂ ಅನುಮಾನವೇ

ಸುರಂಗದಲ್ಲಿ, ಕುಸಿದ ಕಟ್ಟಡದಲ್ಲಿ ಜಿಪಿಎಸ್ ಸಿಗುವುದಿಲ್ಲ. ರೋಬೋ ನಡೆಯುತ್ತಾ ನಕ್ಷೆ ಬರೆಯಬೇಕು, ಅದೇ ನಕ್ಷೆಯಲ್ಲಿ ತನ್ನ ಜಾಗ ಗುರುತಿಸಿಕೊಳ್ಳಬೇಕು. ಈ ವಿಧಾನಕ್ಕೆ ಸ್ಲ್ಯಾಮ್ ಎನ್ನುತ್ತಾರೆ. ಹೆಜ್ಜೆ ಹೆಜ್ಜೆಗೂ ಚಿಕ್ಕ ತಪ್ಪು ಸೇರುತ್ತಾ ಹೋಗುತ್ತದೆ. ದಿಕ್ಕಿನಲ್ಲಿ ಬರೀ 2 ಡಿಗ್ರಿ ತಪ್ಪಿದರೂ ನೇರ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 3.5 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಧೂಳು, ಹೊಗೆ, ಒಂದೇ ಥರ ಕಾಣುವ ಗೋಡೆಗಳು ಇದ್ದರೆ ತಪ್ಪು ಇನ್ನೂ ಬೇಗ ಬೆಳೆಯುತ್ತದೆ.

ಹಾಗಾಗಿ "ಇಲ್ಲಿ ಕಂಡಿತು" ಎಂಬ ಸುಳಿವನ್ನು ಒಂದೇ ಚೌಕಕ್ಕೆ ಬರೆಯಬೇಡಿ. ಆ ಕ್ಷಣಕ್ಕೆ ರೋಬೋದ ಸ್ಥಾನ ಎಷ್ಟು ಮಸುಕಾಗಿದೆಯೋ ಅಷ್ಟು ಅಗಲಕ್ಕೆ ಹರಡಿ. ಆಮೇಲೆ ರೋಬೋ ಹಳೇ ಜಾಗಕ್ಕೆ ಬಂದು "ಇದು ನಾನು ನೋಡಿದ ಮೂಲೆ" ಎಂದು ಗುರುತು ಹಿಡಿದರೆ ಅದರ ಹಿಂದಿನ ದಾರಿಯೆಲ್ಲ ತಿದ್ದುಪಡಿಯಾಗುತ್ತದೆ. ಆಗ ಹಳೇ ಸುಳಿವುಗಳ ಜಾಗವೂ ಬದಲಾಗಬೇಕು. ಇದು ಆಗಬೇಕಾದರೆ ಸುಳಿವನ್ನು ನಕ್ಷೆಯ ಚೌಕಕ್ಕೆ ಅಂಟಿಸದೆ, ದಾರಿಯ ಯಾವ ಬಿಂದುವಿನಿಂದ ಕಂಡಿತು ಎಂದು ದಾಖಲಿಸಿಡಿ. ಶುರುವಿನಲ್ಲೇ ಹೀಗೆ ಮಾಡಿದರೆ ಮುಂದೆ ಬಹಳ ಸಂಕಟ ತಪ್ಪುತ್ತದೆ.

ಹಂತ 6: ರೋಬೋಗಳು ಮಾತಾಡಿಕೊಳ್ಳಲಿ, ಆದರೆ ಒಂದೇ ಸುದ್ದಿಯನ್ನು ಎರಡು ಸಲ ಎಣಿಸದಿರಲಿ

ಮೂರು ರೋಬೋಗಳಿಗೂ ತಮ್ಮ ತಮ್ಮ ನಕ್ಷೆ ಇದೆ. ಸಂಪರ್ಕ ಸಿಕ್ಕಾಗ ಕೂಡಿಸಬೇಕು. ಇಲ್ಲಿ ಬರುವ ದೊಡ್ಡ ಅಪಾಯ ಗಾಳಿಸುದ್ದಿಯದು. ಊರಿನಲ್ಲಿ ಒಬ್ಬರು ಹೇಳಿದ್ದನ್ನೇ ನಾಲ್ಕು ಮನೆಯವರ ಬಾಯಲ್ಲಿ ಕೇಳಿದಾಗ ನಾಲ್ಕು ಸಾಕ್ಷಿ ಸಿಕ್ಕಿತು ಎಂದು ನಂಬುತ್ತೇವಲ್ಲ, ಹಾಗೆ. ಡ್ರೋನ್ ಕಂಡದ್ದನ್ನು ಒಂದನೇ ರೋಬೋಗೆ ಹೇಳಿತು. ಅದು ತನ್ನ ನಕ್ಷೆಯನ್ನು ಎರಡನೇ ರೋಬೋಗೆ ಕೊಟ್ಟಿತು. ಎರಡನೆಯದು ಅದನ್ನು ಡ್ರೋನಿಗೇ ವಾಪಸ್ ಕೊಟ್ಟಿತು. ಒಂದೇ ಫೋಟೋ ಮೂರು ಸಲ ಎಣಿಕೆಯಾಗಿ 0.30 ಇದ್ದದ್ದು 0.96 ಆಯಿತು. ಹೊಸದಾಗಿ ಯಾರೂ ಏನೂ ನೋಡಿಲ್ಲ!

ಇದಕ್ಕೆ ಸರಳ ಪರಿಹಾರ ಇದೆ. ನಕ್ಷೆ ಕಳಿಸಬೇಡಿ, ಸುಳಿವು ಕಳಿಸಿ. ಪ್ರತಿ ಸುಳಿವಿಗೂ ಒಂದು ಗುರುತಿನ ಸಂಖ್ಯೆ ಇರಲಿ: ಯಾವ ರೋಬೋ, ಯಾವ ಸೆನ್ಸರ್, ಎಷ್ಟು ಹೊತ್ತಿಗೆ, ಎಲ್ಲಿಂದ, ಏನು ಕಂಡಿತು ಅಥವಾ ಕಾಣಲಿಲ್ಲ, ಆ ಹೊತ್ತಿನ ಎರಡು ದರಗಳು ಎಷ್ಟು. ಒಮ್ಮೆ ಎಣಿಸಿದ ಗುರುತು ಮತ್ತೆ ಬಂದರೆ ಬಿಟ್ಟುಬಿಡಿ. ಸಾಧ್ಯತೆಯನ್ನು ಲಾಗ್-ಆಡ್ಸ್ ರೂಪದಲ್ಲಿ (ಇರುವ ಸಾಧ್ಯತೆ ÷ ಇಲ್ಲದಿರುವ ಸಾಧ್ಯತೆ, ಅದರ ಲಾಗರಿದಮ್) ಇಟ್ಟುಕೊಂಡರೆ ಪ್ರತಿ ಚೌಕಕ್ಕೂ ಹೊಸ ಸುಳಿವನ್ನು ಸೇರಿಸುವುದು ಬರೀ ಕೂಡುವ ಲೆಕ್ಕ. ಯಾವ ಕ್ರಮದಲ್ಲಿ ಬಂದರೂ ಉತ್ತರ ಒಂದೇ. ತಡವಾಗಿ ಬಂದ ಸುದ್ದಿಯಿಂದ ಏನೂ ಕೆಡುವುದಿಲ್ಲ.

ಸುಳಿವಿನ ಮೂಲ ಗೊತ್ತಾಗದೆ ಬರೀ ಸ್ಥಾನದ ಅಂದಾಜುಗಳು ಮಾತ್ರ ಬಂದರೆ ಕೋವೇರಿಯನ್ಸ್ ಇಂಟರ್‌ಸೆಕ್ಷನ್ ಎಂಬ ವಿಧಾನ ಇದೆ. ಎರಡು ಅಂದಾಜುಗಳಲ್ಲಿ ಎಷ್ಟು ಪಾಲು ಒಂದೇ ಮೂಲದ್ದು ಎಂದು ತಿಳಿಯದಿದ್ದರೂ ಅದು ಅತಿ ನಂಬಿಕೆಗೆ ಜಾರುವುದಿಲ್ಲ. ಬದಲಿಗೆ ಉತ್ತರ ಸ್ವಲ್ಪ ಮಸುಕಾಗಿಯೇ ಉಳಿಯುತ್ತದೆ. ಪ್ರಾಣದ ವಿಷಯದಲ್ಲಿ ಆ ಮಸುಕೇ ಒಳ್ಳೆಯದು.

ನೆಲದಡಿ ರೇಡಿಯೋ ಬೇಗ ಸತ್ತುಹೋಗುತ್ತದೆ. ಡಾರ್ಪಾ ಸ್ಪರ್ಧೆಯಲ್ಲಿ ರೋಬೋಗಳು ದಾರಿಯುದ್ದಕ್ಕೂ ಚಿಕ್ಕ ರೇಡಿಯೋ ಪೆಟ್ಟಿಗೆಗಳನ್ನು ಬೀಳಿಸುತ್ತಾ ಹೋಗುತ್ತಿದ್ದವು. ಅದೂ ಸಾಲದಾದಾಗ ರೋಬೋ ಒಂಟಿಯಾಗಿ ಹುಡುಕಿ, ಸಂಪರ್ಕ ಸಿಗುವ ಜಾಗಕ್ಕೆ ಬಂದು ವರದಿ ಒಪ್ಪಿಸುತ್ತಿತ್ತು. ನಿಮ್ಮ ತಂಡಕ್ಕೂ ಇಷ್ಟು ನಿಮಿಷಕ್ಕೊಮ್ಮೆ ಇಂಥ ಜಾಗದಲ್ಲಿ ಸೇರಬೇಕು ಎಂದು ಮೊದಲೇ ಗೊತ್ತು ಮಾಡಿ. ವರದಿ ಒಪ್ಪಿಸದೆ ಬ್ಯಾಟರಿ ಮುಗಿದ ರೋಬೋ ಕಂಡದ್ದೆಲ್ಲ ಅದರ ಜೊತೆಗೇ ಹೋಗುತ್ತದೆ.

ಹಂತ 7: ಮುಂದೆ ಯಾರು ಎಲ್ಲಿಗೆ?

ಪ್ರತಿ ರೋಬೋ, ಪ್ರತಿ ಚೌಕಕ್ಕೆ ಒಂದು ಅಂಕ ಲೆಕ್ಕ ಹಾಕಲಿ: ಅಲ್ಲಿ ಇರುವ ಸಾಧ್ಯತೆ × ನನ್ನ ಪತ್ತೆ ದರ ÷ ಬೇಕಾಗುವ ಸಮಯ. ಒಂದು ಚೌಕದ ಸಾಧ್ಯತೆ 0.2. ಡ್ರೋನಿನ ಪತ್ತೆ ದರ 0.5, ಸಮಯ 4 ನಿಮಿಷ. ನಿಮಿಷಕ್ಕೆ 0.025. ನೆಲದ ರೋಬೋದ ಪತ್ತೆ ದರ 0.9, ಸಮಯ 20 ನಿಮಿಷ. ನಿಮಿಷಕ್ಕೆ 0.009. ಮೊದಲು ಡ್ರೋನ್ ಹೋಗಲಿ. ಜಾಸ್ತಿ ಅಂಕ ಕೂಗಿದ ರೋಬೋಗೆ ಚೌಕ ಸಿಗುವ ಹರಾಜಿನ ಪದ್ಧತಿ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದು ರೋಬೋ ಚೌಕ ಹಿಡಿದ ಕೂಡಲೇ ಉಳಿದವು ಆ ಚೌಕದ ಬೆಲೆ ಇಳಿಸಿಕೊಂಡು ಕೂಗಬೇಕು. ಇಲ್ಲದಿದ್ದರೆ ಮೂರೂ ಒಂದೇ ಕಡೆ ಓಡುತ್ತವೆ.

ಎಲ್ಲ ರೋಬೋಗಳ ಮುಂದಿನ ಎಲ್ಲ ನಡೆಗಳನ್ನೂ ಒಟ್ಟಿಗೆ ಯೋಚಿಸಿ ಅತ್ಯುತ್ತಮ ಯೋಜನೆ ಹುಡುಕಬಹುದಲ್ಲ ಎನ್ನಬಹುದು. ಗಣಿತದಲ್ಲಿ ಅದಕ್ಕೆ ಡೆಕ್-ಪಿಒಎಂಡಿಪಿ ಎಂಬ ಮಾದರಿ ಇದೆ. ಎರಡೇ ರೋಬೋ ಇದ್ದರೂ ಅದನ್ನು ಪೂರ್ತಿ ಬಿಡಿಸುವುದು ವಿಪರೀತ ಕಷ್ಟ ಎಂದು ಸಾಬೀತಾಗಿದೆ. ಆದರೆ ಹುಡುಕಾಟಕ್ಕೆ ಒಂದು ಒಳ್ಳೆಯ ಗುಣ ಇದೆ: ಈಗಾಗಲೇ ನೋಡಿದ ಜಾಗವನ್ನು ಮತ್ತೆ ನೋಡಿದರೆ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಈ ಗುಣ ಇರುವಾಗ ರೋಬೋಗಳು ಒಂದಾದ ಮೇಲೊಂದು ತಮಗೆ ಒಳ್ಳೆಯದನ್ನು ಆರಿಸಿಕೊಂಡರೂ ಅತ್ಯುತ್ತಮ ಹಂಚಿಕೆಯ ಕಡೇಪಕ್ಷ ಅರ್ಧದಷ್ಟು ಫಲ ಖಾತ್ರಿ. ಸುಮ್ನೆ ಕೂತು ಪರಿಪೂರ್ಣ ಯೋಜನೆಗೆ ಕಾಯುವುದಕ್ಕಿಂತ ಹೀಗೆ ಆರಿಸಿ ಹೊರಟು, ಕೆಲವು ನಿಮಿಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕುವುದೇ ಸರಿ.

ರೋಬೋ ಸಿಕ್ಕಿಹಾಕಿಕೊಳ್ಳುವ ಅಪಾಯವನ್ನೂ ಅಂಕದಲ್ಲಿ ಕಳೆಯಿರಿ. ಆದರೆ ತೀರಾ ಜಾಸ್ತಿ ಕಳೆಯಬೇಡಿ. ಮನುಷ್ಯರನ್ನು ಕಳಿಸಲಾಗದ ಕಡೆ ಹೋಗಲೆಂದೇ ಅದನ್ನು ತಂದಿರುವುದು.

ಹಂತ 8: ಮನುಷ್ಯರನ್ನು ಯಾವಾಗ ಕರೆಯಬೇಕು

ಸಾಧ್ಯತೆ ಎಷ್ಟಾದಾಗ ಏನು ಮಾಡಬೇಕು ಎಂಬ ಮೆಟ್ಟಿಲುಗಳನ್ನು ಮೊದಲೇ ಬರೆದಿಡಿ. ಚಿಕ್ಕ ಅನುಮಾನಕ್ಕೆ ಇನ್ನೊಂದು ರೋಬೋ ಕಳಿಸಿ, ಅದಕ್ಕೆ ಆಗುವ ಖರ್ಚು ಕೆಲವೇ ನಿಮಿಷ. ಅಸ್ಥಿರ ಅವಶೇಷದೊಳಗೆ ರಕ್ಷಣಾ ಸಿಬ್ಬಂದಿ ಇಳಿಯಬೇಕಾದರೆ ಸಂಖ್ಯೆ ದೊಡ್ಡದಿರಬೇಕು. ಎಷ್ಟು ದೊಡ್ಡದು ಎಂದು ತೀರ್ಮಾನಿಸುವುದು ಕಾರ್ಯಾಚರಣೆಯ ಮುಖ್ಯಸ್ಥರು, ಪ್ರೋಗ್ರಾಂ ಬರೆದವರಲ್ಲ. ಮೊದಲ ಗಂಟೆಗಳಲ್ಲಿ ಬದುಕಿರುವ ಸಾಧ್ಯತೆ ಜಾಸ್ತಿ, ಆಗ ಮೆಟ್ಟಿಲು ಕೆಳಗಿರಲಿ.

ಎಚ್ಚರಿಕೆಗಳನ್ನು ಸಾಧ್ಯತೆಯ ಕ್ರಮದಲ್ಲಿ ತೋರಿಸಿ. ಪಕ್ಕದಲ್ಲಿ ಫೋಟೋ, ಸದ್ದಿನ ತುಣುಕು, ಯಾವ ರೋಬೋ ಎಷ್ಟು ಹೊತ್ತಿಗೆ ನೋಡಿತು ಎಂಬ ವಿವರ ಇರಲಿ. 2021ರ ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೂಯಿವಿಲ್ ನಗರದ ನೆಲದಡಿಯ ಗುಹೆಯಲ್ಲಿ ಡಾರ್ಪಾ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಇಡೀ ರೋಬೋ ತಂಡವನ್ನು ನೋಡಿಕೊಳ್ಳಲು ಒಬ್ಬರೇ ಮೇಲ್ವಿಚಾರಕರು. ವರದಿಗಳ ಸಂಖ್ಯೆಗೂ ಮಿತಿ. ಅನುಮಾನ ಬಂದದ್ದನ್ನೆಲ್ಲ ಒಪ್ಪಿಸುವ ಹಾಗಿಲ್ಲ, ಖಚಿತವಾಗುವ ತನಕ ಕಾಯುವ ಹಾಗೂ ಇಲ್ಲ. ಕಾಲುಳ್ಳ ರೋಬೋಗಳನ್ನು ತಂದಿದ್ದ ಸರ್ಬೆರಸ್ ತಂಡ ಮತ್ತು ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ತಂಡ ಎರಡೂ 23 ಅಂಕ ಗಳಿಸಿದವು. ಕೊನೆಯ ಅಂಕವನ್ನು ಮೊದಲು ಗಳಿಸಿದ ಸರ್ಬೆರಸ್ ಗೆದ್ದಿತು.

ಹಂತ 9: ನಿಮ್ಮ ಸಂಖ್ಯೆಗಳನ್ನು ಪರೀಕ್ಷಿಸಿ

ಆರ್‌ಒಎಸ್ ಎಂಬ ರೋಬೋ ತಂತ್ರಾಂಶ, ಕಂಪ್ಯೂಟರಿನೊಳಗೇ ರೋಬೋ ಓಡಿಸಿ ನೋಡುವ ಗೆಜಿಬೋ ಎರಡೂ ಉಚಿತವಾಗಿ ಸಿಗುತ್ತವೆ. ಗೆಜಿಬೋದಲ್ಲಿ ಕುಸಿದ ಕಟ್ಟಡ ಕಟ್ಟಿ, ಮನುಷ್ಯರ ಗೊಂಬೆಗಳನ್ನು ಬೇಕಾದ ಕಡೆ ಇಟ್ಟು ಹುಡುಕಾಟವನ್ನು ನೂರಾರು ಸಲ ಓಡಿಸಿ. ಎಷ್ಟು ಬೇಗ ಸಿಕ್ಕಿತು ಎನ್ನುವುದರ ಜೊತೆ ಇದನ್ನೂ ನೋಡಿ: ತಂಡ "0.7" ಎಂದು ಹೇಳಿದ ಚೌಕಗಳನ್ನೆಲ್ಲ ಒಂದೆಡೆ ಹಾಕಿದರೆ, ಅವುಗಳಲ್ಲಿ ನಿಜವಾಗಿ ಹತ್ತಕ್ಕೆ ಏಳರಲ್ಲಿ ಗೊಂಬೆ ಇತ್ತಾ? ನಾಲ್ಕರಲ್ಲಿ ಮಾತ್ರ ಇದ್ದರೆ ರೋಬೋಗಳು ತಮ್ಮನ್ನು ತಾವೇ ಜಾಸ್ತಿ ನಂಬುತ್ತಿವೆ. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಸುಳಿವು ಎರಡು ಸಲ ಎಣಿಕೆಯಾಗುತ್ತಿದೆ, ಇಲ್ಲವೇ ಸುಳ್ಳು ಎಚ್ಚರಿಕೆಯ ದರವನ್ನು ತೀರಾ ಕಡಿಮೆ ಬರೆದಿದ್ದೀರಿ.

ಆಮೇಲೆ ಬೇಕಂತಲೇ ಕೆಡಿಸಿ. ಒಂದು ರೋಬೋದ ರೇಡಿಯೋ ಹತ್ತು ನಿಮಿಷ ಆಫ್ ಮಾಡಿ. ಕ್ಯಾಮೆರಾ ಮೇಲೆ ಕೆಸರು ಹಚ್ಚಿದ ಹಾಗೆ ಪತ್ತೆ ದರ ಇಳಿಸಿ, ಆದರೆ ತಂಡಕ್ಕೆ ಹೇಳಬೇಡಿ. ಒಂದು ಗೊಂಬೆಯನ್ನು ನಕ್ಷೆಯ ಹೊರಗೇ ಇಟ್ಟು, "ಹೊರಗೆ" ಎಂಬ ಚೌಕ ಏರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಸಿಮ್ಯುಲೇಶನ್‌ನಲ್ಲಿ ಸರಿಯಾದ ಮೇಲೆ ಒಂದು ಹಳೇ ಕಲ್ಲುಕ್ವಾರಿಯೋ ಕಟ್ಟುತ್ತಿರುವ ಕಟ್ಟಡವೋ ಸಿಕ್ಕರೆ, ಮಾಲೀಕರ ಒಪ್ಪಿಗೆ ಪಡೆದು ನಿಜವಾದ ರೋಬೋಗಳೊಂದಿಗೆ ಇದನ್ನೇ ಮಾಡಿ. ಮಳೆ ಬರುವ ದಿನವನ್ನೂ ಬಿಡಬೇಡಿ.